ಬೋರ್ಡಿನಲ್ಲಿ ಬಿಟ್ಟ ಒಂದು ಸಾಲು

ನಮ್ಮ ಸೀನಿಯರಿಗೆ ಆ ಗೌರವ ಬೇಕಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಅವರು ತೀರಿಕೊಂಡ ಮೇಲೆ ಭಾಷಣ ಮಾಡಿದವರೆಲ್ಲ ಅವರಿಗೆ ಯಾವ ಆಸೆಯೂ ಇರಲಿಲ್ಲವೆಂದು ಹೇಳಿ ಅವರನ್ನು ಸನ್ಯಾಸಿ ಮಾಡಿಬಿಟ್ಟರು. ಸನ್ಯಾಸಿ ಎಲ್ಲಿಂದ ಬಂತು? ಹೊರಗೆ ಮಿರ್ಚಿಭಜಿ ಕರಿಯುವ ವಾಸನೆ ಬಂದರೆ ವಾದವನ್ನೇ ಗಿಡ್ಡ ಮಾಡಿ ಮುಗಿಸುವ ಮನುಷ್ಯ ಅವರು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಆಳಂದದವಳು, ಕಾನೂನು ಓದಿ ಜೇವರ್ಗಿಯಲ್ಲಿ ಅವರ ಕೈಕೆಳಗೆ ಸೇರಿಕೊಂಡಿದ್ದೆ. ಹೆಣ್ಣುಮಗಳು ಕರಿ ಕೋಟು ಹಾಕಿಕೊಂಡು ಬರುವುದನ್ನು ನೋಡಲಿಕ್ಕೆಂದೇ ಕೆಲವರು ತಮ್ಮ ತಾರೀಖು ಇಲ್ಲದ ದಿನವೂ ಕೋರ್ಟಿನ ಕಟ್ಟೆಗೆ ಬಂದು ಕೂಡುತ್ತಿದ್ದರು. ಸೀನಿಯರ್ ಮೂಲತಃ ಅಫಜಲಪುರದ ಕಡೆಯವರು. ಆ ಕಡೆಯ ಮಂದಿಯೂ ಬಸ್ಸು ಹಿಡಿದು ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಬಡವರ ಕೇಸುಗಳನ್ನು ಅವರು ಪೈಸೆ ಮುಟ್ಟದೆ ನಡೆಸುತ್ತಿದ್ದರು. ಆದರೆ ಪುಕ್ಕಟೆ ಎಂಬ ಮಾತನ್ನು ಮಾತ್ರ ಅವರ ಪಡಸಾಲೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಯಾರಾದರೂ ಫೀಸು ಎಷ್ಟೆಂದು ಕೇಳಿದರೆ ಕೇಸು ಮುಗಿಯಲಿ, ಆಮೇಲೆ ನೋಡೋಣ ಎನ್ನುತ್ತಿದ್ದರು. ಕೇಸು ಮುಗಿದ ಮೇಲೆ ಆ ಮಾತೇ ಏಳುತ್ತಿರಲಿಲ್ಲ.

ಗುಲ್ಬರ್ಗಾದಲ್ಲಿ ಆಗ ಬಡವರಿಗೆ ಕಾನೂನು ನೆರವು ಕೊಡುವ ಧರ್ಮಾರ್ಥ ಸಂಸ್ಥೆಯೊಂದಿತ್ತು. ತನ್ನ ಕೆಲಸಕ್ಕೆ ಹೆಗಲು ಕೊಟ್ಟ ಒಬ್ಬ ವಕೀಲರನ್ನು ವರ್ಷಕ್ಕೊಮ್ಮೆ ಅದು ಗೌರವ ಫೆಲೋ ಎಂದು ಆರಿಸುತ್ತಿತ್ತು. ಸಂಬಳವಿಲ್ಲ, ಸವಲತ್ತಿಲ್ಲ. ಒಂದು ಶಾಲು, ಒಂದು ಹಾರ, ಹೆಸರಿನ ಜೊತೆ ಆ ಎರಡು ಶಬ್ದ, ಇಷ್ಟೇ. ಆ ವರ್ಷ ತಮ್ಮ ಹೆಸರು ಪರಿಶೀಲನೆಯಲ್ಲಿದೆ ಎಂದು ತಿಳಿದದ್ದೇ ತಡ, ಸೀನಿಯರ್ ಬಾಗಿಲ ಮೇಲಿನ ಬೋರ್ಡನ್ನು ಹೊಸದಾಗಿ ಬರೆಸಿದರು. ಮೇಲೆ ಹೆಸರು, ಕೆಳಗೆ ಡಿಗ್ರಿ, ಅದರ ಕೆಳಗೆ ಒಂದು ಸಾಲು ಹಿಡಿಯುವಷ್ಟು ಖಾಲಿ ಜಾಗ. ಪೇಂಟರ್ ಕೇಳಿದ್ದಕ್ಕೆ ಇರಲಿ ಬಿಡಪ್ಪಾ, ಮುಂದೆ ಬೇಕಾಗುತ್ತದೆ ಎಂದರಂತೆ. ನಾನು ನಕ್ಕೆ. ಅವರೂ ನಕ್ಕರು, ಸ್ವಲ್ಪ ನಾಚಿಕೊಂಡು.

ಆಯ್ಕೆಗೆ ಮೊದಲು ಸಂಸ್ಥೆಯಿಂದ ಇಬ್ಬರು ಬಂದು ಕಕ್ಷಿದಾರರನ್ನೇ ಕೇಳಿ ಹೋಗುವ ರೂಢಿಯಿತ್ತು. ವಕೀಲರು ನಿಮ್ಮಿಂದ ಏನಾದರೂ ತೆಗೆದುಕೊಂಡರೇ ಎಂಬುದು ಅವರ ಒಂದೇ ಪ್ರಶ್ನೆ. ಇದರಲ್ಲಿ ನಮಗೇನು ಭಯ? ನಾನಂತೂ ಅವರಿಗೆ ಚಹಾ ತರಿಸಿ, ಆರಾಮಾಗಿ ಕುಳಿತೆ.

ಅವತ್ತು ಬೆಂಚಿನ ಮೇಲೆ ಇಜೇರಿ ಊರಿನ ವಯಸ್ಸಾದ ಹೆಂಗಸೊಬ್ಬಳು ಇದ್ದಳು, ನಾವೆಲ್ಲ ಆಯಿ ಎಂದು ಕರೆಯುತ್ತಿದ್ದವಳು. ಗಂಡ ತೀರಿಕೊಂಡ ಮೇಲೆ ಮೈದುನರು ಅವಳನ್ನು ಮನೆಯಿಂದ ಹೊರಗೆ ಹಾಕಲು ನೋಡುತ್ತಿದ್ದರು. ಆ ಮನೆಯ ಕೇಸು ನಮ್ಮಲ್ಲಿ ನಡೆಯುತ್ತಿತ್ತು. ಅವಳ ಪಕ್ಕದಲ್ಲಿ ಅದೇ ಊರಿನ ಇಬ್ಬರು ಗಂಡಸರು ತಮ್ಮ ಬೇರೆ ಯಾವುದೋ ಕೆಲಸಕ್ಕೆ ಬಂದು ಕುಳಿತಿದ್ದರು. ಬಂದವರಲ್ಲಿ ಹಿರಿಯರು ಆಯಿಯ ಹತ್ತಿರ ಹೋಗಿ ತಮ್ಮ ಪ್ರಶ್ನೆ ಕೇಳಿದರು.

ಆಯಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತಳು. "ಕೊಟ್ಟೇನ್ರಿ. ಭರಪೂರ ಕೊಟ್ಟೇನಿ. ನಮ್ಮ ಸಾಹೇಬ್ರು ಅಂದ್ರ ಏನ್ ತಿಳದೀರಿ? ಪುಕ್ಕಟೆ ಮಾಡೂ ವಕೀಲ್ರಲ್ರಿ ಇವ್ರು."

ಅವಳು ಒಂದು ಪೈಸೆಯನ್ನೂ ಕೊಟ್ಟಿರಲಿಲ್ಲ. ನಮ್ಮ ಕಡೆ ದೊಡ್ಡ ಡಾಕ್ಟರು, ದೊಡ್ಡ ವಕೀಲರು ಎಂದರೆ ದೊಡ್ಡ ಫೀಸಿನವರು ಎಂದೇ ಲೆಕ್ಕ. ಪುಕ್ಕಟೆ ನೋಡುವವನ ಕೈಗುಣದ ಮೇಲೆ ಯಾರಿಗೂ ನಂಬಿಕೆಯಿಲ್ಲ. ಪಟ್ಟಣದಿಂದ ಬಂದವರು ವಕೀಲರ ಯೋಗ್ಯತೆ ಅಳೆಯಲು ಕೇಳುತ್ತಿದ್ದಾರೆ ಎಂದು ತಿಳಿದು ಆಯಿ ಸೀನಿಯರನ್ನು ಏರಿಸಿ ಹೇಳಿದ್ದಳು. ಆಚೆ ಕುಳಿತಿದ್ದ ಇನ್ನೊಬ್ಬ ಕಕ್ಷಿದಾರ, ಅಫಜಲಪುರದ ರೈತ, ಹಿಂದೆ ಬಿದ್ದಾನೆಯೇ? ಅವನಿಂದಲೂ ಒಂದು ಪೈಸೆ ತೆಗೆದುಕೊಂಡಿರಲಿಲ್ಲ. ಸಾಹೇಬರ ಫೀಸು ಈ ಮೂರು ತಾಲೂಕಿನಲ್ಲೇ ಜಾಸ್ತಿ ಎಂದು ಅವನೂ ಹೆಮ್ಮೆಯಿಂದ ಸೇರಿಸಿದ.

ಸಂಸ್ಥೆಯ ಹಿರಿಯರು ಮುಖ ಗಂಟು ಹಾಕಿಕೊಂಡು ಸೀನಿಯರ ಕಡೆ ತಿರುಗಿದರು. ಇದು ನಿಜವೇ ಎಂದು ಕೇಳಿದರು. ನಾನು ಸಿಟ್ಟಿನಿಂದ ಎದ್ದೇಬಿಟ್ಟಿದ್ದೆ. ಸೀನಿಯರ್ ಕೈ ಮಾಡಿ ನನ್ನನ್ನು ಕೂಡಿಸಿದರು. ಒಮ್ಮೆ ಆಯಿಯನ್ನು, ಒಮ್ಮೆ ಅವಳ ಪಕ್ಕದ ಆ ಇಬ್ಬರನ್ನು ನೋಡಿದರು.

"ಹೌದ್ರಿ," ಎಂದರು. "ಆಕಿ ಹೇಳೂದು ಖರೇ ಅದ."

ಮಂದಿ ಹೋದ ಮೇಲೆ ನಾನು ಬಾಯಿಗೆ ಬಂದಂತೆ ಮಾತಾಡಿದೆ. ಈಗಲೂ ಕಾಲ ಮಿಂಚಿಲ್ಲ, ಗುಲ್ಬರ್ಗಾಕ್ಕೆ ಹೋಗಿ ನಾನೇ ನಿಜ ಹೇಳಿ ಬರುತ್ತೇನೆ ಎಂದೆ. ಅವರು ಕೋಟು ಬಿಚ್ಚಿ ಗೂಟಕ್ಕೆ ಹಾಕುತ್ತ ಹೇಳಿದರು: "ಮೈದುನರು ಆಕಿನ್ನ ತಿರುಕಿ ಅಂತ ಊರ ತುಂಬ ಸಾರಾಕತ್ತಾರ. ರೊಕ್ಕಾ ಕೊಟ್ಟು ವಕೀಲ್ರನ್ನ ಹಿಡದೇನಿ ಅಂತ ಹೇಳಿ ಆಕಿ ಆ ಊರಾಗ ತಲಿ ಎತ್ತಿ ಅಡ್ಡಾಡ್ತಾಳ. ಒಂದು ಶಾಲಿನ ಸಲುವಾಗಿ ಆ ತಲಿ ನಾ ತಗ್ಗಸ್ಲೇನು, ತಂಗಿ?"

ಗೌರವ ಬೇರೊಬ್ಬರಿಗೆ ಹೋಯಿತು. ಸಮಾರಂಭಕ್ಕೆ ಇವರು ಬಿಡದೆ ಹೋದರು, ನನ್ನನ್ನೂ ಎಳೆದುಕೊಂಡು ಹೋದರು. ಹಿಂದಿನ ಸಾಲಿನಲ್ಲಿ ಕುಳಿತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಹೊರಗೆ ತೊಗರಿ ಹೊಲ ನೋಡುತ್ತ, ತಮಗೆ ಅದು ಭಾಳ ಬೇಕಾಗಿತ್ತು ಎಂದು ಒಮ್ಮೆ ಹೇಳಿದರು. ನನಗೆ ಅಳು ಬಂತು. ಅವರು ಮತ್ತೆ ಆ ಮಾತು ಎತ್ತಲಿಲ್ಲ. ಮುಂದೆ ಆಯಿಗೆ ಮನೆ ಸಿಕ್ಕಿತು. ಬೋರ್ಡಿನ ಆ ಜಾಗ ಅವರು ಇರುವ ತನಕ ಖಾಲಿಯೇ ಉಳಿಯಿತು.

ತೊಂಬತ್ತರ ದಶಕದಲ್ಲಿ ಅದೇ ಪಡಸಾಲೆಯಲ್ಲಿ ನಾನು ವಕಾಲತ್ತು ನಡೆಸುತ್ತಿದ್ದಾಗ ಅದೇ ಸಂಸ್ಥೆಯಿಂದ ಮತ್ತಿಬ್ಬರು ಬಂದರು. ಈ ಸಲ ನನ್ನ ಹೆಸರಿತ್ತು. ಬೆಂಚಿನ ಮೇಲೆ ಮತ್ತೆ ಇಜೇರಿಯ ಆಯಿ. ಈಗ ಬೆನ್ನು ಬಾಗಿತ್ತು, ನೆರೆಯವರ ಜೊತೆ ಗೋಡೆಯ ತಂಟೆ ಹಚ್ಚಿಕೊಂಡಿದ್ದಳು. ಇವಳು ಈಗ ನನ್ನನ್ನೂ ಏರಿಸುತ್ತಾಳೆ, ಮುಗಿಯಿತು ನನ್ನ ಕಥೆ ಅಂದುಕೊಂಡೆ.

"ಈಕಿಗ್ಯಾಕ ಕೊಡ್ಲ್ರಿ ರೊಕ್ಕಾ?" ಎಂದು ಆಯಿ ಅವರ ಮೇಲೆಯೇ ಹರಿಹಾಯ್ದಳು. "ಮಗಳಿದ್ದಂಗ ಅದಾಳ. ಮಗಳಿಗೆ ಯಾರರ ಫೀಸು ಕೊಡ್ತಾರೇನು? ನಮ್ಮ ಸಾಹೇಬ್ರ ಮಾತು ಬ್ಯಾರೆ ಇತ್ತು ಬಿಡ್ರಿ."

ಬಂದವರಿಗೆ ಬಹಳ ಖುಷಿಯಾಯಿತು. ನನಗೆ ಆ ಗೌರವ ಸಿಗುವುದು ಅಲ್ಲಿಗೇ ಗಟ್ಟಿಯಾಯಿತು. ಅವರ ಜೀಪು ತಿರುವು ದಾಟಿದ ಮೇಲೆ ಆಯಿ ನನ್ನನ್ನು ಹತ್ತಿರ ಕರೆದಳು. ಹಿಂದೆ ಸಾಹೇಬರ ಕಾಲದಲ್ಲೂ ಇಂಥವರು ಬಂದು ಇದನ್ನೇ ಕೇಳಿದ್ದರಲ್ಲ, ಯಾಕೆ ಬಂದಿದ್ದರು ಎಂದು ವಿಚಾರಿಸಿದಳು.

ನಾನು ಬಾಗಿಲ ಕಡೆ ನೋಡಿದೆ. ಹಳೆಯ ಬೋರ್ಡನ್ನು ನಾನು ಇಳಿಸಿರಲಿಲ್ಲ. ಸಾಹೇಬರು ಎಂಥ ವಕೀಲರೆಂದು ತಿಳಿದುಕೊಳ್ಳಲು ಬಂದಿದ್ದರು ಎಂದು ಹೇಳಿದೆ.

"ನಾ ಛಲೋ ಹೇಳಿದ್ನಿಲ್ಲ, ಅವತ್ತು?"

"ಭಾಳ ಛಲೋ ಹೇಳಿದಿ, ಆಯಿ."

ಆಯಿ ಸಮಾಧಾನದಿಂದ ಸೊಂಟದ ಚೀಲ ಬಿಚ್ಚಿ ಎಲೆ ಅಡಿಕೆ ತೆಗೆದಳು, ಅರ್ಧ ಎಲೆ ನನಗೂ ಕೊಟ್ಟಳು.