ಹೊಸೂರಿನ ಪದ್ಮಿನಿ ಕೇಳಿದ ಹಾಡು

ಹಳೆಯ ಟ್ರಾನ್ಸಿಸ್ಟರಿನ ಲೆದರ್ ಕವರ್‌ಗೆ ಒಂದು ವಾಸನೆಯಿರುತ್ತದೆ. ಬೆವರು, ಕಡಲೆಕಾಯಿ ಎಣ್ಣೆ, ಸೆಲ್ಲಿನ ಹುಳಿ ಘಾಟು, ಮೂರೂ ಬೆರೆತ ವಾಸನೆ. ಮೊನ್ನೆ ಹೊಸೂರಿನ ನಮ್ಮ ಫ್ಲ್ಯಾಟಿನ ಲಾಫ್ಟ್ ಕ್ಲೀನ್ ಮಾಡಿಸುವಾಗ ಅದರ ಗುಂಡಿ ಬಿಚ್ಚಿದೆ. ನಮ್ಮ ಹಳ್ಳಿ ಉದ್ದನಪಲ್ಲಿಯ ಮನೆಯ ಪಡಸಾಲೆಯಲ್ಲಿ ಕೂತಂತಾಯಿತು. ಹೊಸ ಸೆಲ್ ಹಾಕಿ ಮೀಡಿಯಂ ವೇವ್‌ನ ಮುಳ್ಳನ್ನು ಈ ತುದಿಯಿಂದ ಆ ತುದಿಗೆ ಮೆಲ್ಲಗೆ ಸರಿಸಿದೆ. ಬರೀ ಕರಕರ. ಆ ಸ್ಟೇಷನ್‌ಗಳೆಲ್ಲ ಒಂದೊಂದಾಗಿ ಬಾಯಿ ಮುಚ್ಚುತ್ತಿವೆಯಂತೆ. ನೀವೂ ಎಂದಾದರೂ ಹೀಗೆ ಹುಡುಕಿ ನೋಡಿರಬಹುದು.

ಆ ರೇಡಿಯೊ ಪಿಳ್ಳಮ್ಮತ್ತೆಯದು. ನನ್ನ ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವಳು, ನನ್ನನ್ನು ಸಾಕಿದವಳು. ತಮಿಳುನಾಡಿನ ಗಡಿಯೊಳಗಿನ ನಮ್ಮೂರಿನಲ್ಲಿ ಕನ್ನಡ ಸ್ಟೇಷನ್ ನೆಟ್ಟಗೆ ನಿಲ್ಲುತ್ತಿರಲಿಲ್ಲ, ತಮಿಳು ಸ್ಟೇಷನ್ ಬಂದು ಅದರ ಮೇಲೆ ಕೂರುತ್ತಿತ್ತು. ಅತ್ತೆ ರೇಡಿಯೊವನ್ನು ಮಡಿಲಲ್ಲಿಟ್ಟು ಆ ಕಡೆ ಈ ಕಡೆ ತಿರುಗಿಸುತ್ತಾ, "ವಸಿ ಸುಮ್ಕಿರ್ಲಾ, ನಮ್ದೂ ಕೇಳ್ಬೇಕು" ಎಂದು ಗದರುತ್ತಿದ್ದಳು. ಭಾನುವಾರ ಮಧ್ಯಾಹ್ನ ಕೋರಿಕೆಯ ಚಿತ್ರಗೀತೆ. ಹಾಡಿಗೆ ಮುಂಚೆ ಕೇಳಿದವರ ಊರು, ಹೆಸರು. ಒಂದು ಬೇಸಗೆ ರಜೆಯಲ್ಲಿ ಅವಳು ನನ್ನ ಮುಂದೆ ಪೋಸ್ಟ್ ಕಾರ್ಡ್ ಇಟ್ಟಳು. "ನನ್ ಹೆಸ್ರು ಆ ಡಬ್ಬದಾಗೆ ಒಂದ್ಕಿತ ಕೂಗ್ಲಿ ಕಣಮ್ಮ. ರೇಷನ್ ಅಂಗ್ಡಿ ಬಿಟ್ರೆ ಇನ್ನೆಲ್ಲೂ ಯಾರೂ ಕೂಗಿಲ್ಲ."

ನಾನಾಗ ಕೃಷ್ಣಗಿರಿಯ ಕಾನ್ವೆಂಟ್ ಹಾಸ್ಟೆಲಿನ ಹುಡುಗಿ. ನಮ್ಮನೆ ಹೊಸೂರು ಟೌನಿನಲ್ಲಿ ಎಂದು ಕ್ಲಾಸ್‌ಮೇಟ್ಸ್‌ಗೆ ಹೇಳಿಕೊಂಡಿದ್ದೆ. ವಿಸಿಟಿಂಗ್ ಡೇ ದಿನ ಬಂದ ಅತ್ತೆಯ ಹೆಸರು ಕೇಳಿ ಅವರು ಕಿಸಕ್ಕೆಂದಿದ್ದರು. ಅವರಲ್ಲಿ ಇಬ್ಬರು ಈ ಪ್ರೋಗ್ರಾಂ ತಪ್ಪದೆ ಕೇಳುವವರು. ಅತ್ತೆ ಹೇಳಿದ ಹಾಡನ್ನು ಸರಿಯಾಗಿಯೇ ಬರೆದೆ. ಹೆಸರಿನ ಜಾಗದಲ್ಲಿ ಮಾತ್ರ, ಅವರು ನಗದಂಥ ಹೆಸರೊಂದನ್ನು ಹುಟ್ಟಿಸಿಕೊಂಡು, ನೀಟ್ ಹ್ಯಾಂಡ್‌ರೈಟಿಂಗ್‌ನಲ್ಲಿ, "ಪದ್ಮಿನಿ, ಹೊಸೂರು" ಎಂದು ಬರೆದೆ. ಓದಲು ಬಾರದ ಅತ್ತೆ ಕಾರ್ಡನ್ನು ಕಣ್ಣಿಗೊತ್ತಿಕೊಂಡು, ತಾನೇ ನಡೆದು ಹೋಗಿ ಪೋಸ್ಟ್ ಡಬ್ಬಕ್ಕೆ ಹಾಕಿ ಬಂದಳು.

ರಜೆ ಮುಗಿಯುವ ಮುಂಚೆಯೇ ಹಾಡು ಬಂತು. "ಹೊಸೂರಿನಿಂದ ಪದ್ಮಿನಿ" ಎಂದಿತು ರೇಡಿಯೊ. ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದ ಅತ್ತೆ ಕೈ ನಿಲ್ಲಿಸಿ ಹಾಡನ್ನು ಪೂರ್ತಿ ಕೇಳಿದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೋಡೇ, ನನ್ ಹಾಡ್ನೇ ಕೇಳವ್ಳೆ, ಯಾವಳೋ ಪುಣ್ಯಾತ್ಗಿತ್ತಿ! ನಮ್ ಕಾರ್ಡು ಮುಂದಿನ್ ವಾರ ಬತ್ತದೆ ಬಿಡು." ಇನ್ನೊಂದು ಕಾರ್ಡ್ ಬರೆಯಲೇ ಎಂದೆ, ಈ ಸಲ ಸರಿಯಾಗಿ ಬರೆಯುವ ಆಸೆಯಿಂದ. "ಬ್ಯಾಡ, ಎರಡೆರಡ್ಕಿತ ಕೇಳಿದ್ರೆ ಬೇಜಾರ್ ಮಾಡ್ಕೊಂತಾರೆ" ಎಂದಳು. ಆಮೇಲೆ ಎಷ್ಟೋ ವರ್ಷ ಪ್ರತಿ ಭಾನುವಾರ ಕಾದಳು. ಹೊಸೂರು ಸಂತೆಗೆ ಹೋದಾಗಲೆಲ್ಲ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಪದ್ಮಿನಿಯನ್ನು ವಿಚಾರಿಸುತ್ತಿದ್ದಳು. "ಇಲ್ಲಿ ನಾಲ್ಕು ಪದ್ಮಿನಿ ಅವ್ರೆ, ಯಾವಳು ಬೇಕಕ್ಕಾ?" ಎಂದು ಬಳೆಯಂಗಡಿಯವಳು ನಕ್ಕರೆ, "ರೇಡಿಯೋದಾಗೆ ಹಾಡು ಕೇಳ್ತಾಳಲ್ಲ, ಆ ಪದ್ಮಿನಿ" ಎನ್ನುತ್ತಿದ್ದಳು. ನಾನು ಪಕ್ಕದಲ್ಲೇ ಚೀಲ ಹಿಡಿದು ಬಳೆಗಳನ್ನು ನೋಡುತ್ತಾ ನಿಂತಿರುತ್ತಿದ್ದೆ.

ಈಗ ಸರಿಯಾದ ಹೆಸರು ಬರೆದು ಕಾರ್ಡ್ ಹಾಕೋಣವೆಂದರೆ ಆ ಪ್ರೋಗ್ರಾಂ ಇಲ್ಲ, ಕೇಳುವವಳೂ ಇಲ್ಲ. ಅವಳ ಕೊನೆಯ ವರ್ಷ, ಮದುವೆಯಾಗಿ ಹೊಸೂರು ಸೇರಿದ್ದ ನಾನು ನೋಡಲು ಹೋಗಿದ್ದೆ. ಅವಳ ಕಿವಿ ಮಂದವಾಗಿತ್ತು. "ಹೊಸೂರಾಗೇ ಇದ್ದೀಯ, ಆ ಪದ್ಮಿನಿ ಒಂದಿನಾನೂ ಸಿಕ್ಕಿಲ್ವೇನೆ?" ಕಾನ್ವೆಂಟಿನಲ್ಲಿ ದಿನಕ್ಕೆ ಹತ್ತು ಸಲ "ಸಾರಿ" ಎನ್ನುತ್ತಿದ್ದವಳು ನಾನು. "ಸಿಗ್ತಾಳೆ ಅತ್ತೆ" ಎಂದು ಅವಳ ಕಿವಿಯ ಹತ್ತಿರ ಜೋರಾಗಿ ಹೇಳಿದೆ. "ಸಿಕ್ರೆ ಹೇಳು, ನೀನ್ ಕೇಳಿದ್ ಹಾಡ್ನ ಉದ್ದನಪಲ್ಲಿಯಿಂದ ಪಿಳ್ಳಮ್ಮಾನೂ ಕೇಳಿದ್ಳು ಅಂತ."

ಊರು ಮೊದಲು, ಹೆಸರು ಆಮೇಲೆ, ರೇಡಿಯೊದವರು ಹೇಳುವ ಹಾಗೇ ಹೇಳಿದಳು. ಕೇಳಿಸಿಕೊಂಡವಳು ನಾನೊಬ್ಬಳೇ.