ನೆತ್ತಿಯ ಮೇಲೆ ನಿಲ್ಲದ ತುರುಬು

ಬಿಚ್ಚಿದ ಕೂದಲು ನೋಡಿ ಅದರ ಒಡತಿ ಏನು ಕೆಲಸ ಮಾಡಿ ಬಂದವಳೆಂದು ಹೇಳುತ್ತೇನೆ ಎಂದರೆ ನಮ್ಮ ಚಾಳಿನ ಹೆಂಗಸರು ಮೊದಮೊದಲು ನಗುತ್ತಿದ್ದರು. ಆಮೇಲೆ ನಗುವುದು ಬಿಟ್ಟರು, ಯಾಕೆಂದರೆ ನಾನು ತಪ್ಪುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ನಳದ ಕಟ್ಟೆಯ ಹತ್ತಿರ ಸಾಲಾಗಿ ಕೂತು ಎಣ್ಣೆ ಹಚ್ಚಿಕೊಳ್ಳುವಾಗ ಬಾಚಣಿಗೆ ನನ್ನ ಕೈಯಲ್ಲೇ. ಚಿಕ್ಕಂದಿನಿಂದ ಬಿಗಿಯಾಗಿ ಜಡೆ ಹೆಣೆದುಕೊಂಡವಳ ಕೂದಲು ಬಿಚ್ಚಿದ ಮೇಲೂ ತುದಿಯವರೆಗೆ ಸಣ್ಣ ಸಣ್ಣ ಅಲೆಯಾಗಿ ಇಳಿಯುತ್ತದೆ. ತಲೆಯ ಮೇಲೆ ಹೊರೆ ಹೊತ್ತವಳದು ಹಾಗಲ್ಲ, ನೆತ್ತಿಯಲ್ಲೇ ಚಪ್ಪಟೆ.

ಹೊರೆ ಹೊತ್ತವಳು ನಾನು. ಹನ್ನೊಂದು ವರ್ಷ ಗೋವಾದ ಮ್ಹಾಪಸಾ, ಸಾಂಖಳಿ ಕಡೆಯ ಕಟ್ಟಡಗಳಲ್ಲಿ ಉಸುಕಿನ ಪುಟ್ಟಿ ಹೊತ್ತಿದ್ದೇನೆ. ನೆತ್ತಿಯ ಮೇಲೆ ಬಟ್ಟೆಯ ಸಿಂಬಿ ಕೂರಬೇಕು, ಅದರ ಮೇಲೆ ಪುಟ್ಟಿ. ಅಲ್ಲಿ ತುರುಬಿಗೆ ಜಾಗವೆಲ್ಲಿ? ಹೀಗಾಗಿ ಕೂದಲನ್ನೆಲ್ಲ ಹಿಂದಕ್ಕೆಳೆದು, ತಿರುವಿ, ಕುತ್ತಿಗೆಯ ಗುಳಿಯಲ್ಲಿ ಗಂಟು ಹಾಕುವುದು. ಬಲಗೈ ಪುಟ್ಟಿ ಹಿಡಿದಿದ್ದಾಗ ಎಡಗೈ ಒಂದರಲ್ಲೇ ಆ ಗಂಟು ಬಿಗಿಯುವುದನ್ನು ನಮ್ಮವ್ವ ಕಲಿಸಿದ್ದಳು. ಜಡೆ ಹೆಣೆಯುವ ಪುರಸೊತ್ತು ಯಾರಿಗಿತ್ತು? ಕಟ್ಟಿ ಕಟ್ಟಿ ನನ್ನ ಕೂದಲು ಬುಡದಿಂದ ಒಂದು ಗೇಣು ನೆಟ್ಟಗೆ ಬಂದು, ಅಲ್ಲಿ ಚಟ್ಟನೆ ಬಾಗಿ, ಮುಂದೆ ದೊಡ್ಡ ಸುರುಳಿಯಾಗುತ್ತದೆ. ತಲೆ ತೊಳೆದರೆ ಒಂದು ಗಳಿಗೆ ಹೋದಂತೆ ಮಾಡುತ್ತದೆ, ಮತ್ತೆ ಬರುತ್ತದೆ. ಒಮ್ಮೆ ಚಾಳಿನ ಹುಡುಗಿಯ ಮದುವೆಗೆಂದು ಪಾರ್ಲರಿನಲ್ಲಿ ಇಸ್ತ್ರಿ ಹಾಕಿಸಿಕೊಂಡೆ. ಅಕ್ಷತೆ ಬೀಳುವುದರೊಳಗೆ ಕೈ ತಾನಾಗಿ ಹಿಂದೆ ಹೋಗಿ ಗಂಟು ಹಾಕಿಬಿಟ್ಟಿತ್ತು. ಊಟದ ಪಂಕ್ತಿಯಲ್ಲಿ ಬಿಚ್ಚಿ ನೋಡಿದರೆ ಅದೇ ಬಾಗು, ಅದೇ ಸುರುಳಿ. ಪಾರ್ಲರಿನವಳಿಗೆ ಬಾಯಿಗೆ ಬಂದಂತೆ ಬೈದೆ. ಅವಳದೇನು ತಪ್ಪು, ಪಾಪ.

ಕುಂಡಯಿಯ ಮಸಾಲೆ ಪುಡಿ ಕಾರ್ಖಾನೆಗೆ ಸೇರಿ ಎಂಟು ವರ್ಷವಾಗಿತ್ತು. ಪ್ಯಾಕಿಂಗ್ ಮೇಜಿನ ಕೆಲಸ. ಅಲ್ಲಿ ತುರುಬನ್ನು ನೆತ್ತಿಯ ಮೇಲೆ ಕಟ್ಟಬೇಕು, ಮೇಲೊಂದು ಬಲೆಯ ಟೊಪ್ಪಿಗೆ ಹಾಕಬೇಕು. ಬೆಳಿಗ್ಗೆ ನಾನೂ ಹಾಗೇ ಕಟ್ಟುತ್ತಿದ್ದೆ. ಆದರೆ ನೆತ್ತಿಯ ಮೇಲೆ ಅದು ನಿಲ್ಲುತ್ತಿರಲಿಲ್ಲ. ಹತ್ತಕ್ಕೆ ಸಡಿಲಾಗಿ, ಹನ್ನೊಂದಕ್ಕೆ ಜಾರಿ ಕುತ್ತಿಗೆಗೆ ಬಂದು, ಟೊಪ್ಪಿಗೆಯ ಹೊರಗೆ ಕೂರುತ್ತಿತ್ತು. ಫೋಂಡಾ ಕಡೆಯ ಸೂಪರ್‌ವೈಜರ್ ಮೇಡಂ ಎಷ್ಟು ಸಲ ಹೇಳಿದ್ದಳೋ. ‘ಹಾಂ ಮೇಡಂ’ ಎಂದು ಟೊಪ್ಪಿಗೆಯನ್ನು ಹಿಂದಕ್ಕೆ ಜಗ್ಗಿಕೊಂಡು ಸುಮ್ಮನಾಗುತ್ತಿದ್ದೆ. ಹಳೆಯವಳೆಂಬ ಕೊಬ್ಬು, ಮತ್ತೇನು.

ಕಳೆದ ವರ್ಷ ಪಕ್ಕದ ಖೋಲಿಯ ಹುಡುಗಿಯನ್ನು ನಾನೇ ಅಲ್ಲಿ ಕೆಲಸಕ್ಕೆ ಸೇರಿಸಿದೆ. ಬಾಗಲಕೋಟೆ ಕಡೆಯವಳು, ಮದುವೆಯಾಗಿ ನಾಲ್ಕು ವರ್ಷ. ಗಂಡ ಸೆಂಟ್ರಿಂಗ್ ಕೆಲಸದಲ್ಲಿ ಮೇಲಿನಿಂದ ಬಿದ್ದು, ಕಾಲಿಗೆ ರಾಡು ಹಾಕಿಸಿಕೊಂಡು ಹಾಸಿಗೆ ಹಿಡಿದಿದ್ದ. ಒಲೆ ಉರಿಯಬೇಕಾದರೆ ಇವಳೇ ದುಡಿಯಬೇಕು. ಮೊದಲ ದಿನ ಗೇಟಿನಲ್ಲೇ ನಿಲ್ಲಿಸಿ ಗದರಿಸಿದ್ದೆ.

“ಏ, ಒಂದ್ ಎಳಿ ಕೂದಲಾ ಹೊರಗ ಬಿತ್ತಂದ್ರ ನೋಡು! ನನ್ನ ಹೆಸರು ಹೇಳಿ ಒಳಗ ಬಂದೀದಿ. ನನ್ನ ಮರ್ಯಾದಿ ತಗೀಬ್ಯಾಡ.”

ಅವಳು ದಿನಾ ಜಡೆ ಹೆಣೆದು, ಅದನ್ನು ನೆತ್ತಿಯ ಮೇಲೆ ಸುತ್ತಿ, ಸುತ್ತಲೂ ಪಿನ್ನು ಚುಚ್ಚಿ, ಟೊಪ್ಪಿಗೆ ಹಾಕಿದ ಮೇಲೆ ಎರಡೆರಡು ಸಲ ಕನ್ನಡಿ ನೋಡಿಕೊಂಡು ಒಳಗೆ ಬರುತ್ತಿದ್ದಳು. ಅಷ್ಟು ಹೆದರಿಕೆ.

ಅವಳು ಸೇರಿ ಮೂರು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಟೀ ಕುಡಿದು ಕೂತಿದ್ದೇವೆ, ಮೇಡಂ ಬಂದಳು. ಗಿರಾಕಿಯೊಬ್ಬರಿಗೆ ಅರಿಶಿನ ಪುಡಿಯ ಪೊಟ್ಟಣದಲ್ಲಿ ಕೂದಲು ಸಿಕ್ಕಿ ದೂರು ಬಂದಿದೆ, ಪೊಟ್ಟಣದ ನಂಬರು ನಮ್ಮ ಮೇಜಿನದು ಎಂದಳು. ಬಿಳಿ ಹಾಳೆಯ ಮೇಲೆ ಟೇಪು ಹಚ್ಚಿದ್ದ ಆ ಕೂದಲನ್ನು ನಮ್ಮ ನಡುವೆ ಇಟ್ಟು ಕೊಂಕಣಿಯಲ್ಲಿ ಕೇಳಿದಳು, “ಹೊ ಕೇಂಸ್ ಕೋಣಾಚೊ?” ಯಾರ ಕೂದಲು ಇದು?

ನಮ್ಮ ಮೇಜಿನಲ್ಲಿ ಉದ್ದ ಕರಿಗೂದಲು ಇದ್ದದ್ದು ಇಬ್ಬರಿಗೇ, ನನಗೆ ಮತ್ತು ಅವಳಿಗೆ. ನಾನು ಬಗ್ಗಿ ನೋಡಿದೆ. ಒಂದು ಗೇಣು ನೆಟ್ಟಗೆ. ಚಟ್ಟನೆ ಒಂದು ಬಾಗು. ಆಮೇಲೆ ಸುರುಳಿ. ಜಡೆಯ ಅಲೆ ಹುಡುಕಿದರೂ ಇಲ್ಲ. ಅದು ನನ್ನದು.

ಮೇಡಂ ನನ್ನ ಕಡೆ ನೋಡಲೇ ಇಲ್ಲ. ಹೊಸಬರ ಹಣೆಬರಹವೇ ಇಷ್ಟು ಎಂದು ಹಿಂದಿಯಲ್ಲಿ ಗೊಣಗಿ, ಅವಳನ್ನು ಎಬ್ಬಿಸಿ ಹೊರಗಿನ ಬೆಂಚಿನ ಮೇಲೆ ಕೂರಿಸಿದಳು. ನಮ್ಮನ್ನೆಲ್ಲ ಕೆಲಸಕ್ಕೆ ತಂದ ಗುತ್ತಿಗೆದಾರ ಮಧ್ಯಾಹ್ನ ಬಂದು ಅವಳ ಹೆಸರು ತೆಗೆಯುವುದೆಂದು ತೀರ್ಮಾನವಾಯಿತು. ಅವನು ಹೆಸರು ತೆಗೆದರೆ ಕುಂಡಯಿ ಕೈಗಾರಿಕಾ ಎಸ್ಟೇಟಿನ ಬೇರೆ ಯಾವ ಕಾರ್ಖಾನೆಗೂ ಕಳಿಸುವುದಿಲ್ಲ. ಮೇಜು ತೊಳೆಯಲೆಂದು ನಮ್ಮ ಕೆಲಸ ನಿಲ್ಲಿಸಿದ್ದರು. ನಾನು ಹೋಗಿ ಅವಳ ಪಕ್ಕ ಕೂತೆ.

ನನ್ನ ಬಾಯಿ ಸುಮ್ಮನಿರುವ ಬಾಯಲ್ಲ, ಚಾಳಿಗೆಲ್ಲ ಗೊತ್ತು. ಅವತ್ತು ಅದಕ್ಕೆ ಬೀಗ ಬಿತ್ತು. ಮೊಣಕಾಲು ಹೋಗಿವೆ, ಮತ್ತೆ ಪುಟ್ಟಿ ಹೊರಲಾರೆ, ಇಲ್ಲಿಂದ ಹೊರಗೆ ಹಾಕಿದರೆ ಈ ವಯಸ್ಸಿನಲ್ಲಿ ಯಾರು ಕೆಲಸ ಕೊಡುತ್ತಾರೆ? ಅವಳು ಚಿಕ್ಕವಳು, ಎಲ್ಲಾದರೂ ಸಿಕ್ಕೀತು. ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಖರೇ ಮಾತೆಂದರೆ ಹೆದರಿದ್ದೆ, ಅಷ್ಟೇ.

ಅವಳು ಓಢಣಿಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. “ಎಲ್ಲಾ ಪಿನ್ನು ಹಾಕ್ಕೊಂಡಿದ್ನಿರಿ ಅಕ್ಕಾ. ಹೆಂಗ ಬಿತ್ತೋ ಏನೋ. ಮನ್ಯಾಗ ಅವರಿಗೆ ಏನಂತ ಹೇಳ್ಲಿರಿ?”

ಆ ಕೂದಲು ತನ್ನದೆಂದೇ ಅವಳು ನಂಬಿದ್ದಳು. ನಾನು ಬೆನ್ನು ಸವರಿದೆ. ಸ್ವಲ್ಪ ಹೊತ್ತಿನ ಮೇಲೆ ಅವಳು ನನ್ನ ಕೈ ಹಿಡಿದುಕೊಂಡು, “ನಿಮ್ಮ ಹೆಸರು ಕೆಡಿಸಿದ್ನಿರಿ ಅಕ್ಕಾ. ತಪ್ಪಾತ್ರಿ” ಎಂದಳು.

“ಇರ್ಲಿ ಬಿಡು,” ಎಂದೆ. “ಅಳಬ್ಯಾಡ.”

ಎರಡು ತಾಸು ಹಾಗೇ ಕೂತಿದ್ದೆವು. ಗುತ್ತಿಗೆದಾರ ಗಾಡಿ ನಿಲ್ಲಿಸಿ ಒಳಗೆ ಬಂದು, ಕಾರ್ಡು ಕೊಡು ಎಂದ. ಅವನು ಹುಬ್ಬಳ್ಳಿ ಕಡೆಯವನು, ಜೋರು ಮಾಡುವವನಲ್ಲ. ಅವಳು ಕೊರಳಿನಿಂದ ಗುರುತಿನ ಕಾರ್ಡು ತೆಗೆದಳು. ಅದರ ಮೇಲೆ ಅರಿಶಿನ ಪುಡಿ ಹತ್ತಿತ್ತು. ಕೊಡುವ ಮುಂಚೆ ಓಢಣಿಯಿಂದ ಅದನ್ನು ಒರೆಸಿದಳು, ಹಿಂದೆ ಮುಂದೆ ಎರಡೂ ಕಡೆ. ಅಯ್ಯೋ, ಅದನ್ನು ನೋಡಲಾಗಲಿಲ್ಲ ನನಗೆ.

ಹಿಂದಿ ಮರೆತೇ ಹೋಯಿತು. “ಅದು ಆಕಿದಲ್ರೀ,” ಎಂದೆ. “ನಂದು.”

ಗುತ್ತಿಗೆದಾರ ಅದನ್ನು ಹಿಂದಿಯಲ್ಲಿ ಹೇಳಿದ. ಮೇಡಂ ನಂಬಲಿಲ್ಲ. ಊರಿನವಳನ್ನು ಉಳಿಸಿಕೊಳ್ಳಲು ಸುಳ್ಳು ಹೇಳುತ್ತಿದ್ದೀ ಎಂದಳು. ನನಗೆ ಸಿಟ್ಟು ಬಂತು. ಅಷ್ಟು ಹೊತ್ತು ನನ್ನ ಮೇಲೆ ಬರಬೇಕಾದ ಸಿಟ್ಟು ಅವಳ ಮೇಲೆ ಬಂತು. ಟೊಪ್ಪಿಗೆ ಕಿತ್ತು, ತುರುಬು ಬಿಚ್ಚಿ, ಪಟ್ಟನೆ ಒಂದು ಕೂದಲು ಕಿತ್ತು ಆ ಹಾಳೆಯ ಮೇಲಿಟ್ಟೆ. ಹುಡುಗಿಯ ಪಿನ್ನುಗಳನ್ನು ತೆಗೆದು, ಜಡೆ ಬಿಡಿಸಿ, ಅವಳದೊಂದನ್ನೂ ಪಕ್ಕಕ್ಕಿಟ್ಟೆ. ಮೇಡಂ ಕನ್ನಡಕ ಹಾಕಿಕೊಂಡು ಬಗ್ಗಿದಳು. ಹುಡುಗಿಯದು ಬುಡದಿಂದ ತುದಿಯವರೆಗೆ ಅಲೆ ಅಲೆ. ಉಳಿದೆರಡೂ ಒಂದರ ಮೇಲೊಂದು ಇಟ್ಟರೆ ಕೂಡುವಂತಿದ್ದವು.

“ಏನ್ರೀ ಬಾಯಾರ, ಕೂದಲಿಗೂ ಆಧಾರ್ ಕಾರ್ಡು ಮಾಡ್ಸೀರೇನು?” ಎಂದು ಗುತ್ತಿಗೆದಾರ ನಕ್ಕ. ಯಾರೂ ನಗಲಿಲ್ಲ. ಅವನು ಕಾರ್ಡನ್ನು ಹುಡುಗಿಯ ಕೈಗೆ ವಾಪಸು ಕೊಟ್ಟ.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಎಂಟು ವರ್ಷದವಳೆಂದು ಒಂದು ಎಚ್ಚರಿಕೆ ಕೊಟ್ಟು, ಪೆಟ್ಟಿಗೆಗೆ ಚೀಟಿ ಅಂಟಿಸುವ ಕಡೆ ಹಾಕಿದರು. ಅಷ್ಟೇ ಆಗುವುದಿತ್ತು. ಮೊದಲೇ ಬಾಯಿಬಿಟ್ಟಿದ್ದರೂ ಅಷ್ಟೇ ಆಗುತ್ತಿತ್ತು.

ಸಂಜೆ ಇಬ್ಬರೂ ಕೂಡಿ ಮನೆಗೆ ಹೊರಟೆವು. ಅವಳು ಏನಾದರೂ ಒಳ್ಳೆಯ ಮಾತು ಆಡುತ್ತಾಳೆಂದು ಕಾಯುತ್ತಿದ್ದೆ, ಸುಳ್ಳೇಕೆ ಹೇಳಲಿ. ಹೆದ್ದಾರಿ ದಾಟಿದ ಮೇಲೆ ಅವಳು ನಿಂತಳು.

“ಅಕ್ಕಾ, ನಿಮಗ ನೋಡಿದ ಕೂಡ್ಲೆ ಗೊತ್ತಾಗಿತ್ತಲ್ರಿ?”

“ಹೌದು.”

“ನಾ ತಪ್ಪಾತ್ರಿ ಅಂದೆ. ನೀವು ಇರ್ಲಿ ಬಿಡು ಅಂದ್ರಿ.”

ಅವಳು ಉತ್ತರಕ್ಕೆ ಕಾಯಲಿಲ್ಲ, ಮುಂದೆ ನಡೆದಳು.

ಈಗ ಅವಳು ನಾನಿದ್ದ ಮೇಜಿನಲ್ಲೇ ಇದ್ದಾಳೆ. ಗಂಡ ಕೋಲು ಹಿಡಿದು ಓಡಾಡುತ್ತಾನೆ. ನಳದ ಹತ್ತಿರ ಎದುರಾದರೆ ಕೊಡ ಸರಿಸಿ ನನಗೆ ಜಾಗ ಮಾಡಿಕೊಡುತ್ತಾಳೆ, “ಊಟ ಆತ್ರಿ?” ಎಂದು ಕೇಳುತ್ತಾಳೆ, ಮರ್ಯಾದೆಗೇನೂ ಕಡಿಮೆಯಿಲ್ಲ. ಅಕ್ಕಾ ಎನ್ನುವುದಿಲ್ಲ.