ಗೊಂಬೆಗೆ ಅರಬಿ ತೊಡಿಸುವ ಪರಸವ್ವ

ತಿಕೋಟಾದ ಮೊದಲ ಬಸ್ಸು ವಿಜಯಪುರ ಮುಟ್ಟುವಾಗ ಬೀದಿದೀಪಗಳು ಇನ್ನೂ ಉರಿಯುತ್ತಿರುತ್ತವೆ. ಪರಸವ್ವ ಬಸ್‌ಸ್ಟ್ಯಾಂಡಿನಿಂದ ನಡೆದೇ ಬಂದು, ನಗರದ ಖಾಸಗಿ ವಸ್ತ್ರ ಸಂಗ್ರಹಾಲಯವೊಂದರ ಹಿಂಬಾಗಿಲು ತೆಗೆಸುತ್ತಾರೆ. ಕೈ ತೊಳೆದು ಒರೆಸಿಕೊಂಡು, ಕೊರಳ ಸರ ಬಿಚ್ಚಿಟ್ಟು, ಬಿಳಿ ಕೈಗವಸು ಹಾಕಿಕೊಳ್ಳುತ್ತಾರೆ. ಆಮೇಲೆಯೇ ಒಳಗಿನ ದೀಪ, ಅದೂ ಬಟ್ಟೆಯ ಬಣ್ಣ ಮಾಸದಂತೆ ಮಂದ ಬೆಳಕಿನದು.

ಕೋಣೆಯ ತುಂಬ ಆಳೆತ್ತರದ ಗೊಂಬೆಗಳು ನಿಂತಿವೆ. ಒಂದಕ್ಕೆ ಬೆಲ್‌ಬಾಟಂ ಪ್ಯಾಂಟು, ಇನ್ನೊಂದಕ್ಕೆ ಸಫಾರಿ, ಮತ್ತೊಂದಕ್ಕೆ ಮೊಣಕಾಲಲ್ಲಿ ಹರಿದ ಜೀನ್ಸು. ರಾಜರ ಅಂಗಿ, ರಾಣಿಯರ ಸೀರೆ ನೋಡಲು ಬೇರೆ ಜಾಗಗಳಿವೆ. ಇಲ್ಲಿರುವುದು ಮೊನ್ನೆ ಮೊನ್ನೆ ನಮ್ಮವರೇ ತೊಟ್ಟು ಬಿಟ್ಟದ್ದು, ಈಗಿನ ಹುಡುಗರು ಹೊಲಿದು ತೊಡುತ್ತಿರುವುದು. ಪರಸವ್ವ ಮೆತ್ತನೆಯ ಬ್ರಷ್ಷಿನಿಂದ ಮಡಿಕೆಗಳ ಧೂಳು ತೆಗೆಯುತ್ತಾರೆ. ಕಾಲರಿನ ಒಳಗೆ, ಕಂಕುಳ ಹೊಲಿಗೆಯಲ್ಲಿ ಹುಳ ಬಿದ್ದಿದೆಯೇ ಎಂದು ಟಾರ್ಚು ಬಿಟ್ಟು ನೋಡುತ್ತಾರೆ. ಗೊಂಬೆಯ ಹೆಗಲು ಸಣ್ಣದಾದರೆ ಹತ್ತಿ ತುಂಬಿ ಅಂಗಿ ಜೋತು ಬೀಳದಂತೆ ನಿಲ್ಲಿಸುತ್ತಾರೆ.

“ಗೊಂಬಿಗೇನ ನೋವ ಆಗಾಂಗಿಲ್ರಿ. ಅರಬಿಗೆ ಆಗತೈತಿ. ಜಗ್ಗಿ ತೊಡಿಸಿದ್ರ ಹೊಲಿಗಿ ಬಿಡತಾವ,” ಎನ್ನುತ್ತಾರೆ, ಬಟ್ಟೆಯನ್ನು ಅರಬಿ ಎಂದೇ ಕರೆಯುವ ಪರಸವ್ವ.

ಅವರ ಗಂಡ ರಾಜಾರಾಮ ತಿಕೋಟಾದಲ್ಲಿ ಟೇಲರ್ ಆಗಿದ್ದರು. ಗುಂಡಿಯ ತೂತಿಗೆ ಕಾಜಾ ಮಾಡುವುದು, ಗುಂಡಿ ಹಚ್ಚುವುದು, ಅಂಚು ಮಡಿಸಿ ತುರುಪು ಹಾಕುವುದು ಪರಸವ್ವನ ಪಾಲಿನ ಕೆಲಸ. ಸಿದ್ಧ ಉಡುಪಿನ ಅಂಗಡಿಗಳು ಬಂದ ಮೇಲೆ ಹೊಲಿಗೆ ಕಡಿಮೆಯಾಯಿತು, ರಾಜಾರಾಮರ ಎದೆನೋವು ಹೆಚ್ಚಾಯಿತು. ಅವರು ತೀರಿಕೊಂಡಾಗ ಬಂಧುಗಳು ಪದ್ಧತಿಯಂತೆ ಅವರ ಬಟ್ಟೆಗಳನ್ನೆಲ್ಲ ಹೊರಗೆ ಹಾಕಿದರು. ಅಳುವ ಗದ್ದಲದಲ್ಲಿ ಪರಸವ್ವನಿಗೆ ತಡೆಯುವುದು ಹೊಳೆಯಲಿಲ್ಲ.

“ಊರ ಮಂದಿಗೆಲ್ಲ ಅಂಗಿ ಹೊಲದಾನ್ರಿ. ಅವನದೊಂದ ಅಂಗಿ ನನ್ನ ಹಂತ್ಯಾಕ ಇಲ್ಲ.”

ಮುಂದೆ ದ್ರಾಕ್ಷಿ ತೋಟದ ಕೂಲಿ, ಒಣದ್ರಾಕ್ಷಿ ಆರಿಸುವ ಶೆಡ್ಡು. ಸಂಗ್ರಹಾಲಯಕ್ಕೆ ಕೈಹೊಲಿಗೆ ಬಲ್ಲವರು ಬೇಕಾಗಿದ್ದಾರೆಂದು ಹೇಳಿ ಕರೆತಂದವರು ಅದರ ಮೇಲ್ವಿಚಾರಕಿ ವಿಶಾಖಾ. ಮೊದಮೊದಲು ಪರಸವ್ವನಿಗೆ ಈ ಕೆಲಸ ವಿಚಿತ್ರವೆನಿಸಿತ್ತು. ಹಳೆ ಪ್ಯಾಂಟನ್ನು ಗಾಜಿನೊಳಗೆ ಇಟ್ಟರೆ ಯಾರು ನೋಡುತ್ತಾರೆ? ಆ ಪ್ರಶ್ನೆ ಕಳೆದ ವರ್ಷ ನಿಡೋಣಿಯ ಕಾಶಿಬಾಯಿ ಬರುವತನಕವೂ ಅವರ ಮನಸ್ಸಿನಲ್ಲಿತ್ತು.

ಕಾಶಿಬಾಯಿಯ ಮಗಳು ವಿದ್ಯಾವತಿ ಫ್ಯಾಶನ್ ಡಿಸೈನ್ ಓದುತ್ತಿದ್ದಳು. ಕಾಲೇಜಿನ ಪ್ರದರ್ಶನಕ್ಕೆಂದು ಜೀನ್ಸ್ ಬಟ್ಟೆಯ ಉದ್ದ ಕೋಟು ಹೊಲಿದು, ಅಂಚಿಗೆ ಅವ್ವನ ಹಳೆಯ ಇಳಕಲ್ ಸೀರೆಯ ಸೆರಗು ಕೂಡಿಸಿ, ಎರಡೂ ಕಡೆ ಆಳವಾದ ಕಿಸೆ ಇಟ್ಟು, ತಾನೇ ತೊಟ್ಟು ವೇದಿಕೆಯ ಮೇಲೆ ನಡೆದಿದ್ದಳು. ಮರುತಿಂಗಳು ಕಾಮಾಲೆಯಾಗಿ ತೀರಿಕೊಂಡಳು. ಅವ್ವ ಆ ಕೋಟನ್ನು ಒಗೆಯದೆ ಟ್ರಂಕಿನಲ್ಲಿಟ್ಟರು. ಕಾಲರಿಗೆ ಮಗಳ ಬೆವರು, ಪೌಡರಿನ ವಾಸನೆ ಹಾಗೇ ಉಳಿದಿತ್ತು. ಆದರೆ ಒಂದು ದಿನ ಕಾಲರಿನಲ್ಲಿ ಹುಳ ತಿಂದ ತೂತು ಕಂಡಿತು. ಗಾಬರಿಯಾಗಿ ಕೋಟನ್ನು ಚಾದರದಲ್ಲಿ ಸುತ್ತಿಕೊಂಡು ಇಲ್ಲಿಗೆ ಬಂದರು.

ವಿಶಾಖಾ ನೋಡಿ ಮೆಚ್ಚಿದರು. ಆದರೆ ಬೆವರಿನ ಕಲೆ ಹಾಗೇ ಉಳಿದರೆ ಹುಳ ಮತ್ತೆ ಬರುತ್ತದೆ, ಒಗೆಯದೆ ಅದನ್ನು ಬೇರೆ ಬಟ್ಟೆಗಳ ಜೊತೆ ಇಡಲಾಗದು ಎಂದರು. ಕಾಶಿಬಾಯಿ ಕೋಟನ್ನು ಸುತ್ತಿಕೊಂಡು ಎದ್ದುಬಿಟ್ಟರು. ಪರಸವ್ವ ಬೆನ್ನಹಿಂದೆಯೇ ಹೋಗಿ ಮೆಟ್ಟಿಲ ಮೇಲೆ ಅವರ ಪಕ್ಕ ಕೂತರು.

“ಒಗದ್ರ ವಾಸನಿ ಹೋಗತೈತೇನ?” ಕಾಶಿಬಾಯಿ ಕೇಳಿದರು.

“ಹೋಗತೈತ್ರಿ ಅಕ್ಕಾರ. ನಾ ಸುಳ್ಳ ಹೇಳಾಂಗಿಲ್ಲ.”

“ಮತ್ತ ನನಗೇನ ಉಳೀತು?”

“ಆಕಿ ಹೊಲದದ್ದ ಉಳೀತೈತ್ರಿ. ನನಗ ಅಷ್ಟೂ ಉಳೀಲಿಲ್ಲ,” ಎಂದು ಪರಸವ್ವ ತಮ್ಮ ಗಂಡನ ಅಂಗಿಗಳ ಕಥೆ ಹೇಳಿದರು. ಕಾಶಿಬಾಯಿ ಕೇಳಿಸಿಕೊಂಡು ಬಸ್ಸು ಹತ್ತಿದರು. ಇನ್ನು ಬರಲಿಕ್ಕಿಲ್ಲ ಎಂದೇ ಎಲ್ಲರೂ ಅಂದುಕೊಂಡರು.

ದ್ರಾಕ್ಷಿ ಕಟಾವು ಮುಗಿಯುವ ಹೊತ್ತಿಗೆ ಮತ್ತೆ ಬಂದರು. ಚಾದರದ ಗಂಟು ಪರಸವ್ವನ ತೊಡೆಯ ಮೇಲಿಟ್ಟು, “ಸಣ್ಣಾಕಿದ್ದಾಗಿಂದ ಆಕಿ ಅರಬಿ ನಾನ ಒಗಕೊಂಡ ಬಂದೀನಿ. ಇದನ್ನೂ ನಾನ ಒಗೀತೀನಿ. ನೀ ಬಾಜೂಕ ಇರು,” ಎಂದರು.

ವಿಶಾಖಾ ಬೇಡವೆನ್ನಲಿಲ್ಲ. ಒದ್ದೆ ಹತ್ತಿ ಒತ್ತಿ ಸೆರಗು ಕೆಂಪು ಬಣ್ಣ ಬಿಡುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, ಅಗಲವಾದ ತೊಟ್ಟಿಗೆ ಶುದ್ಧ ನೀರು ತುಂಬಿಸಿದರು. ಕಾಶಿಬಾಯಿ ಕಾಲರನ್ನು ಮುಖಕ್ಕೆ ಒತ್ತಿಕೊಂಡು ಬಹಳ ಹೊತ್ತು ನಿಂತರು. ಯಾರೂ ಅವಸರ ಮಾಡಲಿಲ್ಲ. ಆಮೇಲೆ ತಾವೇ ಕೋಟನ್ನು ನೀರಿಗಿಳಿಸಿದರು. ತಿಕ್ಕುವಂತಿಲ್ಲ, ಹಿಂಡುವಂತಿಲ್ಲ; ಅಂಗೈಯಿಂದ ಮೆಲ್ಲಗೆ ಒತ್ತಬೇಕು. ನಾಲ್ಕು ಕೈಗಳು ನೀರೊಳಗೆ ಜೊತೆಜೊತೆಯಾಗಿ ಒತ್ತಿದವು. ನೀರು ಬಗ್ಗಡವಾದಾಗ ಕಾಶಿಬಾಯಿ ಬಿಕ್ಕಿದರು. ಪರಸವ್ವ ಕೆಲಸ ನಿಲ್ಲಿಸಲಿಲ್ಲ, ಮೊಣಕೈಯನ್ನು ಅವರ ಮೊಣಕೈಗೆ ತಾಗಿಸಿಕೊಂಡೇ ಇದ್ದರು.

ತೂತನ್ನು ಪರಸವ್ವ ಹಾಗೇ ಬಿಟ್ಟಿಲ್ಲ, ಮುಚ್ಚಿಯೂ ಇಲ್ಲ. ಹಿಂದಿನಿಂದ ತೆಳು ಬಟ್ಟೆ ಕೊಟ್ಟು, ಇನ್ನಷ್ಟು ಹರಿಯದಂತೆ ಕೂದಲಿನಂಥ ನೂಲಿನಲ್ಲಿ ಹಿಡಿದಿದ್ದಾರೆ. ವಿದ್ಯಾವತಿಯ ಎತ್ತರ, ಅಗಲವನ್ನು ಅವಳವ್ವನಿಂದಲೇ ಕೇಳಿ ಗೊಂಬೆಗೆ ಹತ್ತಿ ತುಂಬಿದ್ದಾರೆ. ಒಂದು ಕೈ ಕಿಸೆಯೊಳಗಿರುವಂತೆ ನಿಲ್ಲಿಸಿದ್ದಾರೆ, ಅವಳು ನಿಲ್ಲುತ್ತಿದ್ದದ್ದೇ ಹಾಗಂತೆ.

ಪ್ರದರ್ಶನ ತೆರೆದ ದಿನ ಕಾಶಿಬಾಯಿ ಗಾಜಿನ ಮುಂದೆ ಸುಮ್ಮನೆ ನಿಂತಿದ್ದರು. ಕಾಲೇಜಿನ ಹುಡುಗಿಯರು ಬಂದು, ಇಳಕಲ್ ಸೆರಗು ಜೀನ್ಸಿಗೆ ಹೇಗೆ ಕೂಡಿದೆ ಎಂದು ಬಗ್ಗಿ ಬಗ್ಗಿ ನೋಡಿದರು. “ಯಾರ ಹೊಲದಾರಿದನ್ನ? ಎಷ್ಟ ಚಂದ ಐತಿ,” ಎಂದಳೊಬ್ಬಳು. “ನನ್ನ ಮಗಳು,” ಎಂದರು ಕಾಶಿಬಾಯಿ. ಸತ್ತುಹೋದಳೆಂದು ಹೇಳಲಿಲ್ಲ.

ಅದನ್ನು ಪರಸವ್ವ ಕಣ್ಣಾರೆ ಕಂಡಿಲ್ಲ. ಅವರು ಅಂದು ಒಳಕೋಣೆಯಲ್ಲಿ ಇನ್ನೊಂದು ಅಂಗಿಗೆ ಅಸ್ತರು ಹಚ್ಚುತ್ತಿದ್ದರು. ವಿಶಾಖಾ ಬಂದು ಹೇಳಿದಾಗ ಸೂಜಿ ಕೆಳಗಿಟ್ಟರಂತೆ. ಜನ ಬರುವ ಹೊತ್ತಿಗೆ ಅವರು ಯಾವಾಗಲೂ ಒಳಗೇ ಇರುತ್ತಾರೆ.

ಏನಾದರೂ ಆಸೆ ಇದೆಯೇ ಎಂದರೆ ಮೊದಲು ತಲೆಯಾಡಿಸುತ್ತಾರೆ. ಆಮೇಲೆ ನಗುತ್ತಾರೆ.

“ಒಂದ ದಿನ ರಜಾ ಹಾಕಿ, ಚಲೋ ಸೀರಿ ಉಟಗೊಂಡು, ಮುಂದಿನ ಬಾಗಲದಿಂದ ಬರಬೇಕಂತ ಐತ್ರಿ. ಕೈಯಾಗ ಬ್ರಷ್ ಇರಬಾರ್ದು. ನೋಡಾಕ ಬಂದವರಂಗ, ಸುಮ್ಮನ ನಿಂತು ನೋಡಬೇಕು.”